ನೀಲಾಂಬರಿ ಟಾಕೀಸಿನಲ್ಲಿ ‘ಬ್ಯಾಡ’ ಎಂದವರು

ಗದಗ, ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಹದಿನಾಲ್ಕು, ಎರಡನೇ ಬೇಸಿಗೆಯ ಮೊದಲ ವಾರ

ನನಗಿಂತ ಹಿಂದೆ ಬಾಳಿದವರಿಗೆ ಬಸಲಿಂಗವ್ವ ಅಸುಂಡಿಯ ಶರಣು.

ನನ್ನ ಮಾತು ನಿಮಗೆ ಒರಟಾಗಿ, ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಈ ಮುದಿ ವಯಸ್ಸಿನಲ್ಲಿ ಕಲಿತು ಬರೆಯುತ್ತಿದ್ದೇನೆ. ನೀವು ಇಪ್ಪತ್ತರ ಹರೆಯದವರೇ ಇರಬಹುದು, ಆದರೂ ನನಗೆ ಅಜ್ಜನ ಅಜ್ಜಂದಿರು. ನನಗೆ ಎಪ್ಪತ್ತು ದಾಟಿದೆ, ಆದರೂ ನಿಮಗೆ ನಾನು ಇನ್ನೂ ಹುಟ್ಟದ ಕೂಸು. ಯಾರು ಯಾರ ಕಾಲಿಗೆ ಬೀಳಬೇಕೋ ತಿಳಿಯದೆ ಬರಿಯ ಶರಣು ಹೇಳಿದ್ದೇನೆ. ಬೈಯಬೇಕಾದ ಕಡೆ ಬೈಯುತ್ತೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಮೊನ್ನೆ ನಮ್ಮೂರಿನಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದೀತು. ನಮ್ಮ ಕಾಲದವರಿಗೆ ಹೇಳಿ ಪ್ರಯೋಜನವಿಲ್ಲ, ಅವರೂ ನನ್ನಷ್ಟೇ ದಂಗಾಗಿ ಕುಳಿತಿದ್ದಾರೆ.

ನಾನು ಈ ಊರಿನ ನೀರಗಂಟಿ. ಓಣಿ ಓಣಿಗೆ ಸರತಿಯ ಮೇಲೆ ನೀರು ಬಿಡುವುದು ನನ್ನ ಕೆಲಸ. ನಮಗೆ ವರ್ಷದಲ್ಲಿ ಎರಡು ಬೇಸಿಗೆ, ನಡುವೆ ನಾಲ್ಕು ಹನಿ ಮಳೆ. ಬೆಳಗಿನ ಬಿಸಿಲೇರಿದರೆ ಪೇಟೆ ಮುಚ್ಚುತ್ತದೆ, ಸಂಜೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದ ಮೇಲೆ ತೆರೆಯುತ್ತದೆ. ಪೇಟೆಯ ನಟ್ಟನಡುವೆ ಒಂದು ದೊಡ್ಡ ಕಟ್ಟಡವಿದೆ, ಅದಕ್ಕೆ ನಾವು ನೀಲಾಂಬರಿ ಹೊಂಡ ಎನ್ನುತ್ತಿದ್ದೆವು. ನನ್ನ ಮುತ್ತಜ್ಜಿಯ ಕಾಲದಿಂದ ಊರಿನ ನೀರೆಲ್ಲ ಅದರೊಳಗೇ ನಿಲ್ಲುತ್ತಿತ್ತು. ಅದರ ನೆಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚೆಂದಾಗಿ ಇಳಿಜಾರಾಗಿತ್ತು. ನೀರು ತಾನಾಗಿ ಕೆಳಗೆ ಸೇರಲೆಂದೇ ಹಿರಿಯರು ಹೀಗೆ ಕಟ್ಟಿದ್ದಾರೆ, ಎಂಥ ಬುದ್ಧಿವಂತರು ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತಿದ್ದೆವು. ಹಿಂಗೋಡೆಯ ಮೇಲಿನ ಎರಡು ಚೌಕ ಕಿಂಡಿಗಳು ಪಾರಿವಾಳಕ್ಕೆ ಬಿಟ್ಟದ್ದು ಎನ್ನುತ್ತಿದ್ದೆವು. ನಗಬೇಡಿ. ಗೊತ್ತಿಲ್ಲದವರಿಗೆ ಏನು ಗೊತ್ತು?

ಎರಡು ವರ್ಷದ ಹಿಂದೆ ಹೊಸ ಕೊಳವೆ ಬಂದು ಹೊಂಡ ಖಾಲಿಯಾಯಿತು. ಹೂಳು ತೆಗೆಸಲು ನಾನೇ ನಿಂತಿದ್ದೆ. ಕೆಸರಿನ ಕೆಳಗೆ ಸಾಲು ಸಾಲು ಕಬ್ಬಿಣದ ಮೊಳೆಗಳು, ಕುರ್ಚಿಯ ಕಾಲುಗಳು. ಗೋಡೆ ತಿಕ್ಕಿದರೆ ಒಂದು ಕಡೆ ‘ಹೆಂಗಸರು’ ಎಂಬ ಬಣ್ಣದ ಅಕ್ಷರ, ಇನ್ನೊಂದು ಕಡೆ ‘ಬೀಡಿ ಸೇದಬಾರದು’. ಅಯ್ಯ ಶಿವನೇ, ನೀರಿನೊಳಗೆ ಕುಳಿತು ಬೀಡಿ ಸೇದುವವರು ಯಾರು! ಪಂಪು ರಿಪೇರಿಯ ದಾವಲಸಾಬ ನದಾಫ ನನ್ನ ಜೊತೆಗಿದ್ದ. “ಅಕ್ಕಾರ, ಇದು ಹೊಂಡ ಅಲ್ರಿ. ಇಲ್ಲಿ ಮಂದಿ ಕುಂತಿದ್ರು” ಎಂದ. ನಾನು ಅವನಿಗೆ ಸುಮ್ಮನಿರು ಎಂದು ಗದರಿದೆ. ಆಮೇಲೆ ಅವನು ಏಣಿ ಹಾಕಿ ಕಿಂಡಿಯ ಹಿಂದಿನ ಕೋಣೆಗೆ ಹತ್ತಿ, ತುಕ್ಕು ಹಿಡಿದ ಒಂದು ಯಂತ್ರ, ತಗಡಿನ ಡಬ್ಬಿಗಳ ಒಂದು ರಾಶಿ ಇದೆ ಎಂದು ಅಲ್ಲಿಂದಲೇ ಕೂಗಿದ.

ಧಾರವಾಡದಿಂದ ಹಳೆವಸ್ತು ಬಲ್ಲವರು ಬಂದು ಹೇಳಿದಾಗ ನಮಗೆ ತಿಳಿಯಿತು. ಒಬ್ಬ ಅರಳೆ ವ್ಯಾಪಾರಿ ಕಂಪನಿ ನಾಟಕಕ್ಕೆಂದು ಕಟ್ಟಿಸಿದ್ದನಂತೆ, ನಾಟಕ ಹೋಗಿ ಸಿನಿಮಾ ಬಂತಂತೆ, ಆಗ ಅದರ ಹೆಸರು ನೀಲಾಂಬರಿ ಟಾಕೀಸ್. ದಿನಕ್ಕೆ ನಾಲ್ಕು ಆಟ. ಆಮೇಲೆ ಬೀಗ. ಆಮೇಲೆ ಮದುವೆಯ ಮಂಟಪ, ಉಳ್ಳಾಗಡ್ಡಿಯ ಗೋದಾಮು, ಕೊನೆಗೆ ನಮ್ಮ ನೀರು. ಅಷ್ಟು ಕೇಳಿ ನನಗೇನೂ ಅನ್ನಿಸಲಿಲ್ಲ. ನಾನು ಬೆಚ್ಚಿಬಿದ್ದದ್ದು ಮುಂದಿನ ಮಾತಿಗೆ. ಒಬ್ಬರಿಗೊಬ್ಬರು ಗುರುತಿಲ್ಲದ ನೂರಾರು ಮಂದಿ ಕತ್ತಲೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದರಂತೆ. ಎಲ್ಲರೂ ಒಂದೇ ಚಿತ್ರ ನೋಡುತ್ತಿದ್ದರಂತೆ. ನೆಲದ ಹತ್ತಿರದ ಗಾಂಧಿ ಕ್ಲಾಸಿನವನಿಗೂ ಬಾಲ್ಕನಿಯ ಸಾಹುಕಾರನಿಗೂ ಅದೇ ಚಿತ್ರ, ಅದೇ ಕೊನೆ. ಯಾರು ಎಷ್ಟು ಕೂಗಿದರೂ ಚಿತ್ರ ಅವರ ಮಾತು ಕೇಳುತ್ತಿರಲಿಲ್ಲವಂತೆ. ಇಂಥದ್ದಕ್ಕೆ ನೀವು ಸೀಟಿ ಹೊಡೆದು, ಶೇಂಗಾ ತಿಂದು, ಅತ್ತು, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದಿರಾ? ಹೋಗುತ್ತಿದ್ದವರು ಯಾಕೆ ಬಿಟ್ಟಿರಿ? ಬೀಗ ಹಾಕುವವನನ್ನು ಒಬ್ಬರೂ ತಡೆಯಲಿಲ್ಲವೇ?

ನನಗೆ ಇಷ್ಟು ಗಾಬರಿ ಯಾಕಾಯಿತು ಎಂದು ತಿಳಿಯಬೇಕಾದರೆ ನಮ್ಮ ‘ಪೊರೆ’ಯ ವಿಷಯ ಹೇಳಬೇಕು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿನ ಒಂದು ಪದರ, ಕಣ್ಣಿನ ಮೇಲೆ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಅವರವರ ಕಥೆ ಅವರವರಿಗೆ ಕಾಣುತ್ತದೆ, ಅದಕ್ಕೆ ‘ತನ್ನಾಟ’ ಎಂದು ಹೆಸರು. ನನ್ನ ತನ್ನಾಟದಲ್ಲಿ ನಾನು ಗೆಲ್ಲುತ್ತೇನೆ, ನಮ್ಮ ಪಕ್ಕದ ಮನೆಯವಳ ತನ್ನಾಟದಲ್ಲಿ ಅವಳು ಗೆಲ್ಲುತ್ತಾಳೆ. ಕಥೆ ಮನಸ್ಸಿಗೆ ಬಾರದ ಕಡೆಗೆ ತಿರುಗಿದರೆ ‘ಬ್ಯಾಡ’ ಎನ್ನಬೇಕು, ಅಷ್ಟೆ. ತಕ್ಷಣ ಅದು ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತದೆ. ನಮ್ಮ ಕೂಸುಗಳು ಅವ್ವ ಎನ್ನುವುದಕ್ಕಿಂತ ಮೊದಲು ಬ್ಯಾಡ ಎನ್ನಲು ಕಲಿಯುತ್ತವೆ.

ನನ್ನ ಮಗಳು ಕಸ್ತೂರಿ. ಅವಳಿಗೆ ಒಬ್ಬನೇ ಮಗ, ಮುತ್ತು. ಏಳು ವರ್ಷದವನಿದ್ದಾಗ ಝಳಜ್ವರ ಬಂದು ಹೋದ. ಬಿಸಿಲಿನ ಝಳ ರಕ್ತಕ್ಕಿಳಿದರೆ ಬರುವ ಜ್ವರ ಅದು, ನಮ್ಮಲ್ಲಿ ಮನೆಗೊಂದು ಕೂಸನ್ನು ತಿಂದಿದೆ. ಅವನನ್ನು ಮಣ್ಣು ಮಾಡಲು ಎತ್ತುವ ಮೊದಲೇ ಕಸ್ತೂರಿ ಪೊರೆ ಹಾಕಿಕೊಂಡು ಒಳಕೋಣೆಗೆ ಹೋದಳು. ಅವಳ ತನ್ನಾಟದಲ್ಲಿ ಮುತ್ತು ಎದ್ದು ಹಲ್ಲು ತಿಕ್ಕುತ್ತಾನೆ, ರೊಟ್ಟಿ ತಿನ್ನುತ್ತಾನೆ, ಅಂಗಳದಲ್ಲಿ ಆಡುತ್ತಾನೆ. ಸಂಜೆ ಮೈ ಬೆಚ್ಚಗಾಗುವ ಹೊತ್ತಿಗೆ ಅವಳು ‘ಬ್ಯಾಡ’ ಎನ್ನುತ್ತಾಳೆ. ಮತ್ತೆ ಬೆಳಗಾಗುತ್ತದೆ, ಮತ್ತೆ ಹಲ್ಲು ತಿಕ್ಕುತ್ತಾನೆ. ಒಂಬತ್ತು ವರ್ಷ ಹೀಗೇ ಆಯಿತು. ಗೋಡೆಯ ಈಚೆಯಿಂದ ದಿನಾ ಆ ಒಂದು ಮಾತು ಕೇಳಿ ಕೇಳಿ ನನ್ನ ಕರುಳು ಸುಟ್ಟಿದೆ. ಅಳಿಯ ತಾಳಲಾರದೆ ತನ್ನ ಊರಿಗೆ ಹೋದ. ನಾನೂ ಇವತ್ತೋ ನಾಳೆಯೋ ಹೋಗುವವಳು, ಆಮೇಲೆ ಅವಳ ಬಾಯಿಗೆ ನೀರು ಬಿಡುವವರು ಯಾರು?

ಟಾಕೀಸಿನೊಳಗೆ ಪೊರೆ ತೆಗೆಯದೆ ಚಿತ್ರ ಕಾಣುವುದಿಲ್ಲ ಎಂದು ಹಳೆವಸ್ತುವಿನವರು ಹೇಳಿದ ದಿನವೇ ನಾನು ನಿಶ್ಚಯಿಸಿದೆ, ಈ ಟಾಕೀಸು ಮತ್ತೆ ನಡೆಯಬೇಕು. ಊರು ನನ್ನನ್ನು ನೋಡಿ ನಕ್ಕಿತು. ನಗಲಿ. ನೀರು ಬಿಡುವವಳ ಮಾತು ಮೀರಲು ಯಾರಿಗೆ ಧೈರ್ಯ? ಬೆಟಗೇರಿಯ ನೇಕಾರರು ಬಿಳಿ ಪರದೆ ನೇಯ್ದುಕೊಟ್ಟರು. ಬಡಿಗೇರರು ಹಳೆಯ ಮೊಳೆಗಳಿಗೇ ಬೆಂಚು ಕೂರಿಸಿದರು. ದಾವಲಸಾಬ ಸತ್ತ ಯಂತ್ರವನ್ನು ಬಿಚ್ಚಿ, ಪಂಪಿನ ಗಾಲಿ ಹಾಕಿ, ಎಣ್ಣೆ ಕುಡಿಸಿ ಎಬ್ಬಿಸಿದ. ಡಬ್ಬಿಯೊಳಗಿನ ಸುರುಳಿಗಳು ಬಹುಪಾಲು ಕರಗಿದ ಬೆಲ್ಲದಂತೆ ಅಂಟಿಕೊಂಡು ಹುಳಿ ನಾತ ಬೀರುತ್ತಿದ್ದವು. ಒಂದೇ ಒಂದು ಚಿತ್ರ ಉಳಿದಿತ್ತು, ಅದರ ಮೊದಲ ತುಂಡೂ ಹೋಗಿದ್ದರಿಂದ ಹೆಸರೇನೆಂದು ನಮಗೆ ತಿಳಿಯದು. ಓಡಿಸಿ ನೋಡಿದರೆ ಹರಿದೀತೆಂಬ ಭಯದಿಂದ ದಾವಲಸಾಬ ಸ್ವಲ್ಪ ಮಾತ್ರ ನೋಡಿದ್ದ. “ಕುಂಬಾರ ಹೆಣ್ಮಗಳದು ಐತ್ರಿ. ಒಬ್ಬ ಸಣ್ಣ ಹುಡುಗ ಅದಾನ, ಒಂದು ಕತ್ತೆ ಐತಿ. ಭಾಳ ನಗಸ್ತಾನ” ಎಂದ. ಅಷ್ಟು ಸಾಕಾಯಿತು ನನಗೆ. ಸಣ್ಣ ಹುಡುಗ, ನಗು, ಕತ್ತೆ. ಕಸ್ತೂರಿಗೆ ಇದಕ್ಕಿಂತ ಒಳ್ಳೆಯದೇನು ಬೇಕು ಎಂದುಕೊಂಡೆ.

ಬರುವುದಿಲ್ಲ ಎಂದಳು. ನೀನು ಬರುವವರೆಗೂ ನಾನು ಉಣ್ಣುವುದಿಲ್ಲ ಎಂದು ಕುಳಿತೆ. ಎರಡನೆಯ ದಿನ ನನ್ನ ತಲೆ ತಿರುಗಿ ಬಿದ್ದ ಸದ್ದಿಗೆ ಹೊರಗೆ ಬಂದಳು. “ಹಠಮಾರಿ ಮುದುಕಿ, ಒಂದ ಸಲ ಬರ್ತೀನಿ, ಮತ್ತ ಕೇಳಬ್ಯಾಡ” ಎಂದಳು. ಬಾಗಿಲಲ್ಲಿ ಪೊರೆ ತೆಗೆದು ಅಂಗೈಯಲ್ಲಿಟ್ಟುಕೊಂಡಾಗ ಅವಳ ಕಣ್ಣು ಬೆಳಕು ಕಾಣದ ಕರುವಿನ ಕಣ್ಣಿನಂತಿತ್ತು. ನೋಡಲಾಗಲಿಲ್ಲ.

ಊರಿಗೆ ಊರೇ ಬಂದಿತ್ತು. ದೀಪ ಆರಿತು. ಹಿಂದಿನ ಕಿಂಡಿಯಿಂದ ಒಂದು ಬೆಳಕು ತಲೆಯ ಮೇಲೆ ಹಾದು ಪರದೆಗೆ ಬಿತ್ತು. ಕಪ್ಪುಬಿಳುಪಿನ ಒಬ್ಬ ಹುಡುಗ ಕತ್ತೆಯ ಮೇಲೆ ಹಿಂದುಮುಂದಾಗಿ ಕುಳಿತು ಬಂದ, ಗಡಿಗೆಗಳು ಉರುಳಿದವು, ಅವನ ಅವ್ವ ಅಟ್ಟಿಸಿಕೊಂಡು ಓಡಿದಳು. ಆಗ ಎದ್ದ ಸದ್ದು ಕೇಳಿ ನನ್ನ ಮೈ ಜುಮ್ಮೆಂದಿತು. ಎಲ್ಲರೂ ಒಟ್ಟಿಗೆ ನಕ್ಕಿದ್ದರು! ಅಂಥ ಸದ್ದನ್ನು ನಾವು ಯಾರೂ ಜನ್ಮದಲ್ಲಿ ಕೇಳಿರಲಿಲ್ಲ. ಬೆದರಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮತ್ತೆ ನಕ್ಕೆವು. ಕಸ್ತೂರಿಯ ತುಟಿಯೂ ಸ್ವಲ್ಪ ಅಲುಗಿತು, ನನ್ನ ಕಣ್ಣಾಣೆ.

ಆಮೇಲೆ ಪರದೆಯ ಮೇಲೆ ಮಳೆ ಬಂತು. ಹಳ್ಳ ಏರಿತು. ಕತ್ತೆ ಹಳ್ಳಕ್ಕೆ ಬಿತ್ತೆಂದು ಹುಡುಗ ಅದರ ಹಿಂದೆ ಹಾರಿದ. ಮುಂದಿನ ನೋಟದಲ್ಲಿ ನಾಲ್ಕು ಜನ ಒಂದು ಬಾಗಿಲ ಹಲಗೆಯ ಮೇಲೆ ಅವನನ್ನು ಹೊತ್ತು ತಂದು ಅವ್ವನ ಮುಂದೆ ಇಳಿಸಿದರು. ಅಯ್ಯೋ! ಯಾವ ಕೊಂಪೆಗೆ ತಂದೆ ನನ್ನ ಮಗಳನ್ನು! ಯಾರೋ ಮುಂದಿನ ಸಾಲಿನಲ್ಲಿ ‘ಬ್ಯಾಡ’ ಎಂದರು. ಹಿಂದೆ ಇನ್ನೊಬ್ಬರು. ಕ್ಷಣದಲ್ಲಿ ಇಡೀ ಟಾಕೀಸು ಎದ್ದು ನಿಂತು ‘ಬ್ಯಾಡ, ಬ್ಯಾಡ’ ಎಂದು ಒದರುತ್ತಿತ್ತು. ಎಲ್ಲರಿಗಿಂತ ಜೋರಾಗಿ ಒದರಿದವಳು ನಾನೇ. ಪರದೆ ಕೇಳಲಿಲ್ಲ. ಆ ಕುಂಬಾರಗಿತ್ತಿ ಮಗನ ಒದ್ದೆ ಕೂದಲನ್ನು ಒರೆಸುತ್ತಲೇ ಇದ್ದಳು. ನಮ್ಮ ಜನಕ್ಕೆ ಹುಚ್ಚು ಹಿಡಿದಂತಾಯಿತು. ಗಂಡಸರು ಹೊಸದಾಗಿ ಕಟ್ಟಿದ ಮೆಟ್ಟಿಲು ಹತ್ತಿ ಯಂತ್ರದ ಕೋಣೆಯ ಬಾಗಿಲು ಬಡಿದರು. “ಏ ದಾವಲಸಾಬ, ಹಿಂದಕ್ಕ ತಿರುಗಸೋ! ಹುಡುಗನ್ನ ಎಬ್ಬಸೋ!” ದಾವಲಸಾಬ ಹೆದರಿ ಯಂತ್ರ ನಿಲ್ಲಿಸಿ ದೀಪ ಹಾಕಿದ. “ಹಿಂದಕ್ಕ ಎಳದ್ರ ಹರೀತೈತ್ರೋ!” ಎಂದು ಒಳಗಿನಿಂದ ಕೂಗುತ್ತಿದ್ದ. ಹರಿದರೆ ಹರಿಯಲಿ, ಇಲ್ಲಿಗೇ ಕತ್ತರಿಸಿ ಎಸೆ, ಕತ್ತೆಯ ಆಟವನ್ನೇ ಮತ್ತೆ ತೋರಿಸು ಎಂದು ಇವರು.

ನಾನು ಪಕ್ಕಕ್ಕೆ ತಿರುಗಿದೆ. ಕಸ್ತೂರಿಯ ಜಾಗ ಖಾಲಿ. ಓಡಿಹೋದಳು, ಮುಗಿಯಿತು, ಇನ್ನು ಅವಳು ಕೋಣೆಯಿಂದ ಎಂದೂ ಹೊರಬರುವುದಿಲ್ಲ ಎಂದುಕೊಂಡೆ. ಆಮೇಲೆ ಕಂಡಳು. ಪರದೆಯ ಮುಂದಿನ ಕಟ್ಟೆಯ ಮೇಲೆ ಹತ್ತಿ ನಿಂತಿದ್ದಳು. ಒಂಬತ್ತು ವರ್ಷ ಒಂದೇ ಮಾತು ಆಡಿದ ಗಂಟಲಿನಿಂದ ದನಿ ಹರಿದು ಬಂತು.

“ಕುಂದರ್ರಿ! ಎಲ್ಲಾರೂ ಕುಂದರ್ರಿ! ಅಂವ ಸತ್ತಾನ. ನೀವು ಎಷ್ಟ ಒದರಿದ್ರೂ ಅಂವ ಸತ್ತಾನ.” ಉಸಿರು ಎಳೆದುಕೊಂಡಳು. “ಮುಂದ ಅವರವ್ವ ಏನ್ ಮಾಡ್ತಾಳ, ಅದನ್ನ ನೋಡಬೇಕು ನಾನು. ಮುಂದಿಂದು ನನಗ ಗೊತ್ತಿಲ್ಲ. ತೋರಸು ದಾವಲಣ್ಣಾ.”

ಬಾಗಿಲು ಬಡಿಯುತ್ತಿದ್ದ ಕೈಗಳು ನಿಂತವು. ಒಬ್ಬೊಬ್ಬರಾಗಿ ಕುಳಿತರು. ಆ ಸಾಲುಗಳಲ್ಲಿ ಝಳಜ್ವರಕ್ಕೆ ಕೂಸು ಕೊಟ್ಟವರು ಎಷ್ಟು ಜನರಿದ್ದರೋ, ಯಾರೂ ಎಂದೂ ಬಾಯಿ ಬಿಟ್ಟು ಹೇಳಿಲ್ಲ. ಕಿಂಡಿಯಿಂದ ದಾವಲಸಾಬನ ಸಣ್ಣ ದನಿ ಕೇಳಿತು: “ಹಚ್ಚಲೇನವಾ, ಕಸ್ತೂರಿ?”

“ಹಚ್ಚು.”

ಮುಂದೆ ಏನಾಯಿತು ಗೊತ್ತೇ? ಹೆಚ್ಚೇನೂ ಆಗಲಿಲ್ಲ. ಆ ಹೆಣ್ಣುಮಗಳು ಎಷ್ಟೋ ದಿನ ಗೋಡೆಗೊರಗಿ ಕುಳಿತಳು. ಕೊಚ್ಚಿಹೋಗಿದ್ದ ಕತ್ತೆ ಒಂದು ಬೆಳಿಗ್ಗೆ ತಾನಾಗಿ ಕುಂಟುತ್ತ ಮನೆಗೆ ಬಂತು. ಅವಳು ಕೋಲು ತೆಗೆದುಕೊಂಡು ಅದನ್ನು ಬಡಿದಳು, ಕೈ ಸೋಲುವ ತನಕ ಬಡಿದಳು, ಆಮೇಲೆ ಅದಕ್ಕೆ ಹುಲ್ಲು ಹಾಕಿದಳು. ಹುಲ್ಲು ಹಾಕಿದವಳು ತಾನೂ ಒಲೆ ಹಚ್ಚಿದಳು. ಕೊನೆಗೆ ಸಂತೆಯಲ್ಲಿ ಒಬ್ಬ ಗಿರಾಕಿಯ ಜೊತೆ ಗಡಿಗೆ ಸೋರುತ್ತದೆಯೋ ಇಲ್ಲವೋ ಎಂದು ಬಾಯಿ ಮಾಡಿ ಜಗಳವಾಡಿದಳು. ಅಲ್ಲಿಗೆ ಚಿತ್ರ ಮುಗಿಯಿತು. ಕತ್ತೆಗೆ ಹುಲ್ಲು ಹಾಕಿದಾಗ ಟಾಕೀಸಿನ ಆ ಮೂಲೆಯಿಂದ ಈ ಮೂಲೆಯವರೆಗೆ ಬಿಕ್ಕುವ ಸದ್ದು ಎದ್ದಿತು. ಬೇರೆಯವರು ಅಳುವುದನ್ನು ನಾವು ಕೇಳಿದ್ದು ಅದೇ ಮೊದಲು. ನನ್ನ ಮಗಳು ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ತೊಡೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತಳು.

ಮನೆಗೆ ಬರುವಾಗ ಪೊರೆ ಅವಳ ಮುಷ್ಟಿಯಲ್ಲೇ ಮುದುಡಿತ್ತು. ಓಣಿಯ ತಿರುವಿನಲ್ಲಿ ನಿಂತು ಕೇಳಿದಳು: “ಅವ್ವಾ, ಮುತ್ತುನ್ನ ಎಲ್ಲಿ ಮಣ್ಣ ಮಾಡೀರಿ?”

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಇಷ್ಟು ವರ್ಷ ಅವಳು ಅದನ್ನು ಕೇಳಿರಲೇ ಇಲ್ಲ.

ಹಿಂದಿನವರೇ, ನಿಮ್ಮನ್ನು ಬೈದೆ, ಈಗ ಬೇಡುತ್ತೇನೆ. ನೀವು ಟಾಕೀಸು ಮುಚ್ಚುವುದನ್ನು ನಾನು ತಡೆಯಲಾರೆ. ಆದರೆ ಮುಚ್ಚುವಾಗ ಆ ತಗಡಿನ ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ. ಒಣಗಿದ, ಎತ್ತರದ ಜಾಗದಲ್ಲಿ ಇಡಿ. ಅಳಿಸುವ ಚಿತ್ರ ಯಾರಿಗೆ ಬೇಕು ಎಂದು ಅವನ್ನು ಮೊದಲು ಎಸೆಯುತ್ತೀರಿ, ನನಗೆ ಗೊತ್ತು. ಅವನ್ನೇ ಮೊದಲು ಉಳಿಸಿ. ಕೊನೆ ಬದಲಿಸಲು ಹೋಗಬೇಡಿ, ಸತ್ತವರು ಸತ್ತೇ ಇರಲಿ, ಅವರ ಹಿಂದೆ ಉಳಿದವರು ಏನು ಮಾಡಿದರು ಎಂಬುದನ್ನು ಪೂರ್ತಿ ತೋರಿಸಿ. ನಮ್ಮ ಹತ್ತಿರ ಇರುವುದು ಒಂದೇ ಚಿತ್ರ, ಇನ್ನು ಕೆಲವು ಆಟಕ್ಕೆ ಅದು ಹರಿದುಹೋಗುತ್ತದೆ ಎನ್ನುತ್ತಾನೆ ದಾವಲಸಾಬ. ಈ ಊರಿನ ಒಳಕೋಣೆಗಳಲ್ಲಿ ಕಸ್ತೂರಿಯಂಥವರು ಇನ್ನೂ ಮನೆಗೊಬ್ಬರಿದ್ದಾರೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಕಸ್ತೂರಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಬಿಸಿಲೇರುವ ಮೊದಲು ಅವಳನ್ನು ಮುತ್ತುವನ್ನು ಮಣ್ಣು ಮಾಡಿದ ಗುದ್ದಿಗೆ ಕರೆದುಕೊಂಡು ಹೋಗಬೇಕು.