ಗುಂಡಿಗೆ ಬೀಳದ ನೀರು

ಚಾಂಪಿಯನ್ ರೀಫ್ಸ್
೯ ಜೂನ್ ೧೯೩೬

ಚಿರಂಜೀವಿ ಸೌಭಾಗ್ಯವತಿ ತಂಗಿ ಕನಕಮ್ಮನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದಗಳು. ಕಾಮಸಮುದ್ರದಲ್ಲಿ ನೀನು, ನಿನ್ನ ಯಜಮಾನರು, ಮಗು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಮೂರು ಸಲ ಬರೆಯಲು ಕೂತು, ಮೂರು ಸಲವೂ ಹರಿದು ಹಾಕಿದೆ. ಬೈದುಕೊಳ್ಳಬೇಡ.

ನನ್ನ ಜೊತೆ ಕೆಲಸ ಮಾಡುವ ಆರುಮುಗಂ ಕೈ ಹೇಗಿದೆ ಎಂದು ಕೇಳಿದ್ದೀಯ. ಎಣ್ಣೆ ನೋಡಲು ಹೋಗಿ ಟ್ರಾನ್ಸ್‌ಫಾರ್ಮರಿನ ಮೈ ಮುಟ್ಟಿದ ಆ ಬಲಗೈಯಲ್ಲಿ ಎರಡು ಬೆರಳು ತೆಗೆದರು. ಎಡಗೈಯಲ್ಲಿ ಅನ್ನ ಕಲಸಿಕೊಂಡು ನನ್ನನ್ನೇ ನಗಿಸುತ್ತಾನೆ. ಅವನ ಹತ್ತಿರ ಐದು ನಿಮಿಷ ಕೂರಲು ನನ್ನಿಂದಾಗುವುದಿಲ್ಲ. ಮನೆಯಲ್ಲೂ ಅಷ್ಟೇ. "ಅದೇನ್ ಹಂಗ್ ಓಡಾಡ್ತೀರಾ, ನೆಲ ಸವೆದೋಯ್ತದೆ" ಅನ್ನುತ್ತಾಳೆ ನಿನ್ನ ಅತ್ತಿಗೆ.

ಗಣಿಯ ಬಿಳಿ ದೊರೆ ಹೊಸ ಟ್ರಾನ್ಸ್‌ಫಾರ್ಮರ್ ಆರಿಸುತ್ತಿದ್ದಾರೆ. ದೊಡ್ಡದೊಂದು ಸಾಕೋ, ಚಿಕ್ಕವೆರಡು ಬೇಕೋ. ತಂತಿಯನ್ನು ನೇರ ಭೂಮಿಗೆ ಇಳಿಸುವುದೋ, ನಡುವೆ ಕರೆಂಟಿಗೆ ತಡೆ ಇಡುವುದೋ. ದಿನವೂ ಇದೇ ಮಾತು. ಹಳೆಯದು ಕೆಟ್ಟಿತ್ತು, ಆರುಮುಗಂ ಅಜಾಗರೂಕತೆಯಿಂದ ಮುಟ್ಟಿದ ಎಂದು ತೀರ್ಮಾನವಾಗಿದೆ. ನಾಳೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ. "ನೀನ್ಯಾಕ್ಲಾ ತಲೆ ಕೆಡಿಸ್ಕೊಂತೀಯ, ಸುಮ್ಕಿರು" ಎಂದ ಮೇಸ್ತ್ರಿ ಜಯರಾಮಪ್ಪ.

ಹೇಗೆ ಸುಮ್ಮನಿರಲಿ? ಹಳೆಯದು ಒಳಗೆ ಕೆಟ್ಟಿದ್ದು ನಿಜ. ಕೆಟ್ಟಾಗ ಕರೆಂಟು ಮನುಷ್ಯನನ್ನು ಹಿಡಿಯದೆ ನೆಲಕ್ಕೆ ಇಳಿಯಲಿ ಎಂದೇ ಅದರ ಮೈಯಿಂದ ತಂತಿ ಇಳಿಸಿ, ಪಕ್ಕದಲ್ಲಿ ಉಪ್ಪು, ಇದ್ದಿಲು ತುಂಬಿದ ಗುಂಡಿ ಮಾಡಿದ್ದಾರೆ. ನಮ್ಮ ಕಲ್ಲುನೆಲದಲ್ಲಿ ಬೇಸಿಗೆಗೆ ದಿನಕ್ಕೆ ಆರು ಕೊಡ ನೀರು ಹಾಕದಿದ್ದರೆ ಅದು ಒಣಗಿ ಕರೆಂಟು ಇಳಿಯುವುದಿಲ್ಲ, ಗುಂಡಿ ಇದ್ದೂ ಇಲ್ಲದ ಹಾಗೆ. ಹಾಕಬೇಕಾದವನು ನಾನು. ಹಾಕಿದೆ ಎಂದು ಪುಸ್ತಕದಲ್ಲಿ ದಿನವೂ ರುಜು ಮಾಡಿದೆ. ಅವನಿಗೆ ಪೆಟ್ಟಾಗುವ ಮುಂಚೆ ಒಂದು ತಿಂಗಳು ಒಂದು ತೊಟ್ಟೂ ಹಾಕಿರಲಿಲ್ಲ. ಎಂಥ ಟ್ರಾನ್ಸ್‌ಫಾರ್ಮರ್ ತಂದರೂ ಅದೇ ಗುಂಡಿಯನ್ನೇ ನಂಬಬೇಕು.

ನಾಳೆ ಬೆಳಿಗ್ಗೆ ದೊರೆಗೆ ಎಲ್ಲ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ನನಗೆ ಭಯವಾಗುತ್ತಿದೆ ಕನಕಾ, ಆದರೂ ಹೇಳುತ್ತೇನೆ. ಮಗುವಿಗೆ ದೇವರು ಗಟ್ಟಿ ಆಯುಸ್ಸು ಕೊಡಲಿ.

ನಿನ್ನ ಅಣ್ಣ
ಮುನಿಸ್ವಾಮಪ್ಪ

ಮತ್ತೊಂದು ಮಾತು: ನೀನು ಬಾಣಂತನಕ್ಕೆ ಇಲ್ಲಿದ್ದಾಗ, ನಲ್ಲಿ ಒಣಗಿದ್ದರೂ ದಿನಾ ಇಷ್ಟು ನೀರು ಎಲ್ಲಿಂದಣ್ಣಾ ಎಂದು ಕೇಳಿದ್ದೆ. ಕಂಪನಿ ಕೊಡುತ್ತದೆ ಎಂದು ನಾನು ಹೇಳಿದ್ದೆ. ಅಮ್ಮನಿಲ್ಲದ ತವರಿನಲ್ಲಿ ನಿನಗೆ ಎರೆಯುವ ನೀರಿಗೆ ಕೊರತೆಯಾಗಬಾರದೆಂದು ಗುಂಡಿಯ ಕೊಡಗಳನ್ನೇ ಮನೆಗೆ ಕಳಿಸಿದೆ. ನಿನ್ನ ತಪ್ಪೇನೂ ಇಲ್ಲ. ಹೊತ್ತು ತಂದವನು ಆರುಮುಗಂ. ಅವನಿಗೆ ಎಲ್ಲ ಗೊತ್ತು. ದೊರೆಗೆ ಯಾಕೆ ಹೇಳಲಿಲ್ಲ ಎಂದು ಮೊನ್ನೆ ಕೇಳಿದೆ. "ಹಸಿ ಬಾಣಂತಿಗೆ ಕೊಟ್ಟ ನೀರಣ್ಣಾ," ಎಂದ, "ಅದ್ನ ತಪ್ಪು ಅಂತ ನಾನೆಂಗ್ ಏಳ್ಲಿ?"