ಅಪ್ಪನ ಕೈಗೆ ನಕಾಶೆ

೧೨ ಜನವರಿ, ರವಿವಾರ. ನಿಗಡಿ.

ಅಪ್ಪ ಇವತ್ತು ಅಂದ ಮಾತು ತಲೆಯಿಂದ ಹೋಗುತ್ತಿಲ್ಲ. ಅವ್ವ ಹೋದ ಮೇಲೆ ನಮ್ಮಲ್ಲೇ ಇರುವ ಅವರು ಹೋದ ತಿಂಗಳು ಭೋಸರಿ ಬಡಾವಣೆಯಲ್ಲಿ ದಾರಿ ತಪ್ಪಿ ಮೂರು ತಾಸು ಅಲೆದು ಸಿಕ್ಕ ಮೇಲೆ ಅವರನ್ನು ಒಬ್ಬರನ್ನೇ ಹೊರಗೆ ಬಿಟ್ಟಿರಲಿಲ್ಲ ನಾನು.

ಮಗಳು ಮಾಧುರಿ ಹಟ ಹಿಡಿದು ನಮ್ಮಿಬ್ಬರನ್ನೂ ಉದ್ಯಾನಕ್ಕೆ ಕರೆದುಕೊಂಡು ಹೋದಳು. ಓರಿಯಂಟಿಯರಿಂಗ್ ಅಂತ ಆಟ. ನಕಾಶೆ, ದಿಕ್ಸೂಚಿ ಹಿಡಿದು ಗಿಡಗಳ ನಡುವಿನ ಎಂಟು ಬಾವುಟ ಹುಡುಕಬೇಕು, ಫೋನ್ ನೋಡುವಂತಿಲ್ಲ. ಮೂರನೆಯದಕ್ಕೇ ನಾವು ತಾಯಿ-ಮಗಳು ಕಂಗಾಲು.

"ತಾ ಇಲ್ಲಿ" ಅಂತ ಅಪ್ಪ ಕೈ ಚಾಚಿದರು. "ಮೊದಲ ಉತ್ತರ ದಿಕ್ಕಿಗೆ ನಕಾಶೆ ಕೂಡಸಬೇಕವಾ."

ಮೂವತ್ತು ವರ್ಷ ಇಂಡಿ ಕಡೆ ಹೊಲ ಅಳೆದ ಮೋಜಣಿದಾರರು. ಹೆಜ್ಜೆ ಎಣಿಸುತ್ತ ಹೊರಟೇಬಿಟ್ಟರು. ಚಿಕ್ಕವಳಿದ್ದಾಗ ಅಳತೆಯ ಸರಪಳಿಯ ತುದಿ ಹಿಡಿದು ಹೀಗೇ ಅವರ ಹಿಂದೆ ಓಡುತ್ತಿದ್ದೆ. ಆಳೆತ್ತರದ ಬಿಳಿಜೋಳದಲ್ಲಿ ಅವರ ಟೊಪ್ಪಿಗೆಯೊಂದೇ ಕಾಣುತ್ತಿತ್ತು. ಒಂದು ದಿನವೂ ಹೆದರಿಕೆ ಆಗಲಿಲ್ಲ.

ಎಂಟೂ ಸಿಕ್ಕವು. ಕೊನೆಯ ಬಾವುಟದ ಹತ್ತಿರ ಏದುಸಿರು ಬಿಡುತ್ತ, ನನ್ನ ಮುಖ ನೋಡದೇ ಅಂದರು: "ಭೋಸರಿಯೊಳಗ ನಾ ದಾರಿ ತಪ್ಪಿದ್ದಿಲ್ಲ ಸುವರ್ಣಾ. ನಿನ್ನ ಬಾಣಂತನಕ್ಕ ನಾ, ನಿಮ್ಮವ್ವ ಬಂದು ಇದ್ದಿವಲ್ಲ, ಆ ಸಾಲುಮನಿ ಚಾಳ ಹುಡಕಾಕ ಹೋಗಿದ್ದೆ. ಕೆಡವಿಬಿಟ್ಟಾರ."

ಯಾಕೆ ಹೋಗಿದ್ದಿರಿ ಅಂತ ಆ ದಿನ ಕೇಳಲೇ ಇಲ್ಲ ನಾನು. ಬರೀ ಬೈದೆ.

"ಮುಂದಿನ ರವಿವಾರ ನನಗೂ ಆ ಜಾಗಾ ತೋರಸ್ರಿ ಅಪ್ಪಾ" ಅಂದೆ. ತಲೆಯಾಡಿಸಿದರು.

ಆ ಚಾಳಿನ ಬಚ್ಚಲುಕಲ್ಲಿನ ಮೇಲೆ ಕಾಲು ಚಾಚಿ ಕೂತು ಅವ್ವ ಕೂಸು ಮಾಧುರಿಗೆ ನೀರು ಹಾಕುತ್ತಿದ್ದಳು. ಹೊರಗೆ ಅಪ್ಪ ಒಣ ದುಪಟಿ ಹಿಡಿದು ಕಾಯುತ್ತ ನಿಂತಿರುತ್ತಿದ್ದರು.