ಕಪ್ಪು ಜೋಡಿಯ ಕೆಂಪು ಮರಿ

ಅಣ್ಣಾ,

ಈ ಕಪ್ಪು ಬೀಸಣಿಗೆ ಬಾಲದ ಪಾರಿವಾಳಗಳ ಜೋಡಿಗೆ ನಿನ್ನೆಯವರೆಗೆ ನನಗಾದ ಒಟ್ಟು ಖರ್ಚು: ಇಡೀ ತಾರಸಿ, ಎರಡು ಬೀಗ, ನಿನ್ನೊಡನೆ ಮಾತು. ಅವಕ್ಕೆ ಕೆಂಪು ಮರಿ ಹುಟ್ಟಿದಾಗ, ನನ್ನ ಮೊಟ್ಟೆ ಎತ್ತಿಕೊಂಡು ಬೇರೆಯದನ್ನು ಇಟ್ಟವನು ನೀನೇ ಎಂದಿದ್ದೆ. "ಕೆಂಪು ಅವುಗಳ ರಕ್ತದಲ್ಲೇ ಇರಬೇಕು ಕಣೋ," ಅಂದೆ ನೀನು. ನಾನು ನಂಬದೆ ಗೂಡಿಗೆ ಬೀಗ ಜಡಿದೆ, ನಿನ್ನ ಜೊತೆ ಮಾತೂ ಬಿಟ್ಟೆ.

ನೀನು ತೀರಿಕೊಂಡು ವರ್ಷವಾಯಿತು. ಇವತ್ತು ಅದೇ ಜೋಡಿಯ ಹೊಸ ಮರಿಗೆ ಪುಕ್ಕ ಮೂಡಿದೆ, ಕೆಂಪು. ಬೀಗ ಎಳೆದು ನೋಡಿದೆ, ಜಾಲರಿ ತಡವಿದೆ, ಹೆಂಡತಿಯನ್ನು ಕರೆದೆ.

"ಕೀಲಿ ಯಾರಿಗಾದ್ರೂ ಕೊಟ್ಟಿದ್ಯಾ?"

"ಸ್ನಾನಕ್ಕೆ ಹೋದ್ರೂ ಅದು ನಿಮ್ಮ ಕೊರಳಲ್ಲೇ ಇರುತ್ತಲ್ಲ. ಭಾವ ಅಂತೂ ಇಲ್ಲ, ಇನ್ನು ನನ್ನ ಮೇಲೇ ಹೇಳಿ."

ಆದರೂ ಹೋಗಿ ಮೂರನೆಯ ಬೀಗ ತಂದೆ.

ಬೀಗದಂಗಡಿಯವನಿಗೆ ಮೂರು ಬೀಗದ ವ್ಯಾಪಾರವಾಯಿತು. ನನಗೆ ಇನ್ನೊಂದು ಕೆಂಪು ಮರಿ ಸಿಕ್ಕಿತು. ನಿನಗೆ ಏನೂ ಇಲ್ಲ.